ಅಪ್ಪನಿಗೆ ಲ್ಯಾಪ್‌ಟಾಪ್ ಕಲಿಸಿದ ಬೇಸಿಗೆ

ನಮ್ಮ ಮನೆಗೆ ಹೊಸದಾಗಿ ಬಂದ ಯಾವ ವಸ್ತುವೂ ನೇರವಾಗಿ ಬಳಕೆಗೆ ಇಳಿಯುತ್ತಿರಲಿಲ್ಲ. ಅದು ಮೊದಲು ಅಡುಗೆಮನೆಯ ಮೂಲೆಯಲ್ಲಿದ್ದ ದೇವರ ಜಗಲಿಯ ಮುಂದೆ ಒಂದು ಹೊತ್ತು ಕೂರಬೇಕಿತ್ತು. ಅವ್ವ ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ಒಂದು ಚೂರು ಬೆಲ್ಲ ಎಡೆ ಇಟ್ಟ ಮೇಲಷ್ಟೇ ನಾವು ಮುಟ್ಟಬಹುದಿತ್ತು. ಪ್ರತಿ ಜೂನ್ ತಿಂಗಳು ನನ್ನ ಪಠ್ಯಪುಸ್ತಕಗಳು ಹಾಗೆ ಕೂರುತ್ತಿದ್ದವು. ಕುಕ್ಕರು ಕೂತಿತ್ತು. ಒಮ್ಮೆ ಟೇಬಲ್ ಫ್ಯಾನೂ ಕೂತಿತ್ತು. ಅದರ ಬುಡದಲ್ಲಿಟ್ಟ ಬೆಲ್ಲವನ್ನು ತೆಗೆಯಲು ಎಲ್ಲರೂ ಮರೆತಿದ್ದರಿಂದ ಇರುವೆಗಳು ಒಳಗೆ ಸೇರಿಕೊಂಡು, ಗುಂಡಿ ಒತ್ತಿದ ಕೂಡಲೇ ಗಾಳಿಯೊಂದಿಗೆ ನಮ್ಮ ತಲೆಯ ಮೇಲೆ ಉದುರಿದವು. ಅವ್ವ ಸ್ವಲ್ಪವೂ ವಿಚಲಿತಳಾಗಲಿಲ್ಲ.

“ಪ್ರಸಾದ ತಿಂದು ಹೊಂಟಾವ, ಹೋಗ್ಲಿ ಬಿಡ್ರಿ” ಎಂದಳು.

ಆ ಮನೆ ನಾಸಿಕ್ ರೋಡ್ ರೈಲು ನಿಲ್ದಾಣದ ಹಿಂಬದಿಯ ಓಣಿಯಲ್ಲಿತ್ತು. ಮನೆ ಎಂದೆ, ಸರಿಯಾಗಿ ಹೇಳಬೇಕೆಂದರೆ ಮೇಲಂತಸ್ತಿನ ಎರಡು ಕೋಣೆಗಳು. ಕೆಳಗೆ ಮನೆಯ ಒಡತಿ ಇದ್ದರು. ಓಣಿಯವರೆಲ್ಲರಂತೆ ನಾವೂ ಅವರನ್ನು ಕಾಕೂ ಎಂದೇ ಕರೆಯುತ್ತಿದ್ದೆವು. ಕಾಕೂ ಅವರ ತವರು ಸಟಾಣಾ. ಅಲ್ಲಿಂದ ಅವರ ಅಣ್ಣ ಕಳಿಸುತ್ತಿದ್ದ ಈರುಳ್ಳಿ ಚೀಲಗಳು ಒಂದೊಂದು ಮೆಟ್ಟಿಲಿಗೆ ಒಂದರಂತೆ ಕೂತಿರುತ್ತಿದ್ದುದರಿಂದ ನಾವು ನಮ್ಮ ಮನೆಗೆ ಅಡ್ಡ ತಿರುಗಿಯೇ ಹತ್ತಬೇಕಿತ್ತು. ಕೆಳಗೆ ಮರಾಠಿ, ಮೇಲೆ ಕನ್ನಡ, ಮೆಟ್ಟಿಲ ಮೇಲೆ ಎರಡೂ ಬೆರೆತದ್ದು. ನಾನು ಮರಾಠಿ ಶಾಲೆಗೆ ಹೋಗುತ್ತಿದ್ದೆ. ಮನೆಯ ಕನ್ನಡ ನನಗೆ ಪೂರ್ತಿ ತಿಳಿಯುತ್ತಿತ್ತು, ಮಾತನಾಡುವಾಗ ಅಲ್ಲಲ್ಲಿ ಎಡವುತ್ತಿದ್ದೆ, ಬರೆಯಲು ನನ್ನ ಹೆಸರಿನ ಹೊರತು ಏನೂ ಬರುತ್ತಿರಲಿಲ್ಲ. ನಂದಾ ಎಂಬ ಹೆಸರು ಚಿಕ್ಕದಾದ್ದರಿಂದ ಅದೇನೂ ದೊಡ್ಡ ಸಾಧನೆಯಾಗಿರಲಿಲ್ಲ.

ಅಪ್ಪ ಬ್ಯಾಂಕೊಂದರಲ್ಲಿ ಜವಾನನಾಗಿದ್ದ. ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿ, ಕೆಲಸ ಸಿಕ್ಕಿ, ವರ್ಗವಾಗುತ್ತ ವರ್ಗವಾಗುತ್ತ ನಾಸಿಕ್ ರೋಡಿಗೆ ಬಂದಿದ್ದ. ಶಾಖೆಯ ಬಾಗಿಲ ಬಳಿಯ ಸ್ಟೂಲು ಅವನ ಸ್ಥಾನ. ಗಂಟೆ ಬಾರಿಸಿದರೆ ಏಳಬೇಕು, ಕಡತ ಒಯ್ಯಬೇಕು, ಚಹಾ ತರಬೇಕು. ಆತ ಆ ಕೆಲಸವನ್ನು ಹೀನಾಯವೆಂದು ಎಂದೂ ಹೇಳಿದವನಲ್ಲ. ಆದರೆ ಜವಾನರು ಗುಮಾಸ್ತರಾಗಲು ಇಲಾಖೆಯ ಒಂದು ಪರೀಕ್ಷೆ ಇದೆಯೆಂದೂ, ಲಿಖಿತ ಭಾಗದಲ್ಲಿ ತಾನು ತೇರ್ಗಡೆಯಾಗಿರುವೆನೆಂದೂ, ಇನ್ನು ಕಂಪ್ಯೂಟರ್ ನಡೆಸಿ ತೋರಿಸುವುದೊಂದು ಬಾಕಿಯೆಂದೂ ಆತ ಒಂದು ಸಂಜೆ ಊಟದ ನಡುವೆ ಹೇಳಿದಾಗ, ತಾಟಿನಲ್ಲಿದ್ದ ಅವನ ಬೆರಳುಗಳು ನಿಂತುಬಿಟ್ಟಿದ್ದವು. ಪರೀಕ್ಷೆ ಒಂದು ತಿಂಗಳ ನಂತರ ಔರಂಗಾಬಾದಿನಲ್ಲಿ. ಇಂದಿನ ಛತ್ರಪತಿ ಸಂಭಾಜಿನಗರವನ್ನು ಆಗ ನಾವು ಹಾಗೆ ಕರೆಯುತ್ತಿದ್ದೆವು. ಮುಂದಿನ ವರ್ಷಕ್ಕೆ ಅವನ ವಯಸ್ಸು ಮಿತಿ ದಾಟುತ್ತಿತ್ತು. ಅಂದರೆ ಈ ಸಲ ತಪ್ಪಿದರೆ, ನಿವೃತ್ತಿಯ ದಿನದವರೆಗೂ ಆ ಸ್ಟೂಲೇ.

ಮರುದಿನ ಅಪ್ಪ ಷೇರ್ ಆಟೋದಲ್ಲಿ ತೊಡೆಯ ಮೇಲೆ ಒಂದು ಗಂಟನ್ನಿಟ್ಟುಕೊಂಡು ಬಂದ. ಟವೆಲ್ಲು ಬಿಚ್ಚಿದರೆ ಒಳಗೆ ಲ್ಯಾಪ್‌ಟಾಪ್. ಶಾಖೆಯ ಸಾಹೇಬರು ತಮ್ಮ ಹಳೆಯದನ್ನು ಒಂದು ತಿಂಗಳ ಮಟ್ಟಿಗೆ ಕೊಟ್ಟಿದ್ದರು. ಕಪ್ಪು ಬಣ್ಣ, ಇಟ್ಟಿಗೆಯಷ್ಟು ದಪ್ಪ, ತೆರೆದರೆ ಹಳೆಯ ಕಪಾಟಿನಂತೆ ಕಿರ್ರ್ ಎನ್ನುತ್ತಿತ್ತು. ಅದರ ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ: ಯಂತ್ರವನ್ನು ಆರಂಭಿಸುವುದು, ಎಂಟು ಸಾಲಿನ ಪತ್ರ ಟೈಪ್ ಮಾಡುವುದು, ತಪ್ಪು ತಿದ್ದುವುದು, ಹೆಸರಿಟ್ಟು ಉಳಿಸುವುದು, ಪೆನ್ ಡ್ರೈವಿಗೆ ನಕಲು ಮಾಡುವುದು, ಕ್ರಮವಾಗಿ ಮುಚ್ಚುವುದು. ಇಷ್ಟನ್ನೂ ಅರ್ಧ ಗಂಟೆಯಲ್ಲಿ ಮುಗಿಸಬೇಕು.

“ನಂದಾ, ಇದು ನಿನಗ ಬರ್ತದಲ್ಲ?” ಅಪ್ಪ ಕೇಳಿದ.

“ಬರ್ತದ್ರಿ ಅಪ್ಪಾ.”

“ಸಾಲ್ಯಾಗ ಕಲಿಸ್ಯಾರ?”

“ಹ್ಞೂಂರಿ. ನೂರಕ್ಕ ತೊಂಬತ್ತೆರಡು ಬಂದಾವ.”

ತೊಂಬತ್ತೆರಡು ಬಂದದ್ದು ನಿಜ. ಒಂಬತ್ತನೆಯ ತರಗತಿ ಆಗತಾನೇ ಮುಗಿದಿತ್ತು. ಕಂಪ್ಯೂಟರ್ ವಿಷಯದಲ್ಲಿ ನಾನೇ ಮೊದಲಿಗಳು. ಆದರೆ ನಮ್ಮ ಶಾಲೆಯ ಕಂಪ್ಯೂಟರುಗಳು ಎರಡೇ ಆಗಿದ್ದು, ಹೂವಿನ ಚಿತ್ರದ ಮುಸುಕಿನೊಳಗೆ ವರ್ಷವಿಡೀ ಮೌನವಾಗಿದ್ದವು. ನಾನು ಅವುಗಳ ಚಿತ್ರ ಬರೆದಿದ್ದೆ, ಭಾಗಗಳನ್ನು ಗುರುತಿಸಿದ್ದೆ, ವ್ಯಾಖ್ಯೆಗಳನ್ನು ತಪ್ಪಿಲ್ಲದೆ ಬಾಯಿಪಾಠ ಮಾಡಿದ್ದೆ; ಒಂದು ಕೀಲಿಯನ್ನೂ ಮುಟ್ಟಿರಲಿಲ್ಲ. ಹಾಗಿದ್ದೂ ಏಕೆ “ಬರುತ್ತದೆ” ಎಂದೆ? ಆ ಮನೆಯಲ್ಲಿ ತಿಳಿದವಳು ನಾನೊಬ್ಬಳೇ ಆಗಿದ್ದೆ. ಕರೆಂಟ್ ಕಚೇರಿಯ ನೋಟಿಸು, ಗ್ಯಾಸಿನ ಅರ್ಜಿ, ಮಾತ್ರೆಯ ಪಟ್ಟಿಯ ಹಿಂದಿನ ಸಣ್ಣ ಅಕ್ಷರ, ಎಲ್ಲವೂ ನನ್ನ ಕೈಗೇ ಬರುತ್ತಿದ್ದವು. ನಾನು ಓದಿ ಹೇಳಿದ್ದೇ ಕೊನೆಯ ಮಾತು. “ಗೊತ್ತಿಲ್ಲ” ಎಂದರೆ ಈ ಇಬ್ಬರು ಇನ್ನು ಯಾರನ್ನು ಕೇಳಬೇಕು ಎಂಬ ಭಯ ನನಗೆ ಏಳನೆಯ ವಯಸ್ಸಿನಿಂದಲೇ ಅಂಟಿಕೊಂಡಿತ್ತು. ಆದ್ದರಿಂದ ಆ ಪದವನ್ನು ನಾನು ಬಳಸುತ್ತಲೇ ಇರಲಿಲ್ಲ.

ಪಾಠಕ್ಕೆ ಗೊತ್ತಾದ ಹೊತ್ತು ಬೆಳಗಿನ ಆರರಿಂದ ಎಂಟು; ಆಮೇಲೆ ಲೋಡ್ ಶೆಡ್ಡಿಂಗ್. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದುದರಿಂದ ವೈರು ಚುಚ್ಚಿದ್ದರೆ ಮಾತ್ರ ಅದು ಬದುಕುತ್ತಿತ್ತು. ಮೊದಲ ದಿನ ಅವ್ವ ಅದನ್ನು ಮಣೆಯ ಮೇಲಿಟ್ಟು, ಖಣದ ಬಟ್ಟೆ ಹಾಸಿ, ಮುಚ್ಚಳಕ್ಕೆ ಮೂರೆಳೆ ವಿಭೂತಿ ಎಳೆದು, ಮಲ್ಲಿಗೆ ಏರಿಸಿದಳು. ಅಪ್ಪ ಸ್ನಾನ ಮಾಡಿ ಪದ್ಮಾಸನದಲ್ಲಿ ಕೂತ. ಮುಚ್ಚಳ ತೆರೆದದ್ದಾಯಿತು. ನಂತರ ಏನು ಮಾಡಬೇಕು ಎಂಬುದು ನನಗೆ ತಿಳಿಯಲಿಲ್ಲ. ಚಾಲೂ ಮಾಡುವ ಗುಂಡಿ ಎಲ್ಲಿದೆ ಎಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ಕಣ್ಣಿನಿಂದ ಗುಂಡಿಯನ್ನು ಹುಡುಕುತ್ತ, ಬಾಯಿಯಿಂದ ನಾನು ಗಣಕಯಂತ್ರದ ವ್ಯಾಖ್ಯೆ ಹೇಳಿದೆ, ಅದರ ಮೆದುಳಿನ ಬಗ್ಗೆ ಹೇಳಿದೆ, ನೆನಪಿನ ಎರಡು ವಿಧಗಳನ್ನು ಉದಾಹರಣೆ ಸಹಿತ ವಿವರಿಸಿದೆ. ಅಪ್ಪ ಪುರಾಣ ಕೇಳುವವನಂತೆ ತಲೆಯಾಡಿಸಿದ. ಅಷ್ಟರಲ್ಲಿ ಹಾಲಿನ ಪಾತ್ರೆ ಹಿಡಿದು ಮೇಲೆ ಬಂದಿದ್ದ ಕಾಕೂ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿ, ಪಾತ್ರೆ ಕೆಳಗಿಟ್ಟರು.

“ಅಗ ಪೋರೀ, ತೋ ಗೋಲ್ ಬಟಣ್ ದಾಬ್ ನಾ! ಸಟಾಣ್ಯಾಲಾ ಮಾಝ್ಯಾ ಭಾಚ್ಯಾಕಡೆ ಆಹೇ ಅಸಲಾ.”

ಆ ದುಂಡು ಗುಂಡಿಯನ್ನು ಒತ್ತಬಾರದೇ, ಇಂಥದ್ದೇ ಒಂದು ಸಟಾಣಾದಲ್ಲಿ ತಮ್ಮ ಅಣ್ಣನ ಮಗನ ಬಳಿ ಇದೆ ಎಂದದ್ದು. ಹೇಳುತ್ತಲೇ ಅವರೇ ಬಾಗಿ, ಕೀಲಿಮಣೆಯ ಮೇಲ್ಗಡೆ ಮೂಲೆಯಲ್ಲಿದ್ದ ಗುಂಡಿಯನ್ನು ಹೆಬ್ಬೆಟ್ಟಿನಿಂದ ಅದುಮಿದರು. ಪರದೆ ಬೆಳಗಿತು. ಅವ್ವ ಕೈ ಮುಗಿದಳು.

“ನಾನೂ ಅದನ್ನೇ ಹೇಳಾಕಿ ಇದ್ದೆ” ಎಂದೆ ನಾನು.

ಹೀಗೆ ಆರಂಭವಾದ ಪಾಠದಲ್ಲಿ ಗುರುವಿಗಿದ್ದ ಲಾಭವೆಂದರೆ, ಶಿಷ್ಯನಿಗಿಂತ ಒಂದು ಗಂಟೆ ಮೊದಲೇ ಏಳಬಹುದಿತ್ತು. ನಾನು ಐದಕ್ಕೆ ಎದ್ದು, ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂದು ನೋಡಿಟ್ಟುಕೊಂಡು, ಆರಕ್ಕೆ ಅದನ್ನು ಹುಟ್ಟಿನಿಂದಲೇ ಬಲ್ಲವಳಂತೆ ಹೇಳಿಕೊಡುತ್ತಿದ್ದೆ. ಅಪ್ಪನಿಗೆ ಇಂಗ್ಲಿಷ್ ಅಕ್ಷರಗಳು ಗೊತ್ತಿದ್ದವು, ಆದರೆ ಅವು ಶಾಲೆಯಲ್ಲಿ ಕಲಿತ ಸರದಿಯಲ್ಲಿಯೇ ಇರಬೇಕೆಂಬುದು ಅವನ ನಿರೀಕ್ಷೆಯಾಗಿತ್ತು.

“ಇದನ್ನ ಜೋಡಿಸಿದವ ಯಾವ ಸಾಲಿ ಕಲ್ತಾನವ್ವ? ಮೊದಲ ಅಕ್ಷರದ ಬಾಜೂಕ ಎಸ್ ಬಂದು ಕುಂತದ! ಬಿ ಎಲ್ಲಿ ಹೋಗ್ಯಾದ?”

“ಕೆಳಗ ಅದ ನೋಡ್ರಿ.”

“ಅಲ್ಯಾಕ ಹೋಗ್ಯಾದ?”

“ಅದು ತಾಂತ್ರಿಕ ಕಾರಣ” ಎಂದು ಗಂಭೀರವಾಗಿ ಹೇಳಿದೆ. ಅಪ್ಪ ಒಪ್ಪಿಕೊಂಡ. ಬ್ಯಾಂಕಿನಲ್ಲಿಯೂ ಹಣ ಬರದೆ ಹೋದಾಗ ಜನರಿಗೆ ಇದನ್ನೇ ಹೇಳುತ್ತಾರೆ ಎಂದ.

ಹೇಳಿಕೊಟ್ಟದ್ದನ್ನು ಅಪ್ಪ ಶಾಖೆಯ ಊಟದ ವೇಳೆಯಲ್ಲಿ ಮತ್ತೊಮ್ಮೆ ಓದಬೇಕೆಂದರೆ ಅದು ಬರಹದಲ್ಲಿರಬೇಕಿತ್ತು. ಅಪ್ಪ ಸಲೀಸಾಗಿ ಓದುತ್ತಿದ್ದದ್ದು ಕನ್ನಡವೊಂದನ್ನೇ, ನನಗೆ ಬರೆಯಲು ಬಾರದಿದ್ದದ್ದೂ ಅದೇ. ಈ ಬಿಕ್ಕಟ್ಟನ್ನು ನಾವು ಪರಸ್ಪರ ಪಾಠದಿಂದ ಬಗೆಹರಿಸಿಕೊಂಡೆವು. ಬೆಳಿಗ್ಗೆ ನಾನು ಗುರು. ಸಂಜೆ, ಅಪ್ಪ ಕೈಕಾಲು ತೊಳೆದು ಚಹಾ ಕುಡಿದ ಮೇಲೆ, ಅವನು. ನನ್ನ ಹಳೆಯ ಭೂಗೋಳದ ವಹಿಯ ಖಾಲಿ ಹಾಳೆಗಳಲ್ಲಿ ಅವನು ಅಕ್ಷರ ತಿದ್ದಿಸಿದ. ಒತ್ತಕ್ಷರವನ್ನು ಬರೆಯುವಾಗ ಅವನ ನಾಲಿಗೆಯ ತುದಿ ತುಟಿಯ ಹೊರಗೆ ಬರುತ್ತಿತ್ತು; ನನ್ನದೂ ಬರುತ್ತಿತ್ತೆಂದು ಅವ್ವ ಹೇಳುತ್ತಿದ್ದಳು. ನಾನು ಕನ್ನಡದಲ್ಲಿ ಬರೆದ ಮೊದಲ ಪೂರ್ಣ ವಾಕ್ಯ “ದುಂಡು ಗುಂಡಿಯನ್ನು ಒಮ್ಮೆ ಮಾತ್ರ ಒತ್ತಬೇಕು” ಎಂಬುದು. ಆ ಬಳಿಕ ಪದವಿ ಪಡೆದೆ, ಪ್ರಬಂಧಗಳನ್ನು ಬರೆದೆ, ಅಚ್ಚಿನಲ್ಲಿ ಹೆಸರನ್ನೂ ಕಂಡೆ. ಆದರೆ ಅಷ್ಟು ಸಂಶಯವಿಲ್ಲದ ವಾಕ್ಯವನ್ನು ಮತ್ತೆ ಬರೆದಿದ್ದೇನೆಂದು ಹೇಳಲಾರೆ.

ಎರಡನೆಯ ವಾರದಲ್ಲಿ ಆಪತ್ತು ಬಂದಿತು. ಕೀಲಿಮಣೆಯ ಕೆಳಗೆ ಬೆರಳಾಡಿಸಿ ಬಾಣದ ಗುರುತನ್ನು ನಡೆಸುವ ಆ ಜಾಗವನ್ನು ನಾವು ಚೌಕ ಎನ್ನುತ್ತಿದ್ದೆವು. ಆವರೆಗೆ ಅದನ್ನು ನಾನೇ ನಡೆಸಿ, ಅಪ್ಪನಿಗೆ ಟೈಪು ಮಾಡುವುದನ್ನಷ್ಟೇ ಕಲಿಸಿದ್ದೆ. ಈಗ ಚೌಕವನ್ನು ಅವನಿಗೆ ಒಪ್ಪಿಸಿದೆ. ಅಪ್ಪ ಬೆರಳಿಟ್ಟ ಕೂಡಲೇ ಬಾಣ ಹುಚ್ಚು ಹಿಡಿದಂತೆ ಆಡಿತು. ಬಲಕ್ಕೆಂದರೆ ಮೇಲಕ್ಕೆ ಹಾರಿತು, ಮೂಲೆಗೆ ಹೋಗಿ ಅಂಟಿಕೊಂಡಿತು, ನಡುವೆ ತಾನಾಗಿಯೇ ಒಂದು ಕಡತವನ್ನು ತೆರೆದು ಮುಚ್ಚಿತು. ನಾನು ಬೆಳಿಗ್ಗೆ ಐದಕ್ಕೆ ಮುಟ್ಟಿದಾಗ ಸರಿಯಾಗಿಯೇ ಇತ್ತು. ಮರುದಿನವೂ ಹೀಗೆಯೇ. ಅದರ ಮರುದಿನವೂ.

“ನಾ ಮುಟ್ಟಿದ್ರ ಇದು ಹಿಂಗ್ಯಾಕ ಮಾಡ್ತದ ನಂದಾ?”

“ವೈರಸ್ ಬಂದದ್ರಿ” ಎಂದೆ. ಆ ಅಧ್ಯಾಯದಲ್ಲಿ ನನಗೆ ಹತ್ತಕ್ಕೆ ಹತ್ತು ಬಂದಿತ್ತು.

ಆ ಒಂದು ಶಬ್ದ ಮಾಡಿದ ಅನಾಹುತವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅಪ್ಪ ಮುಚ್ಚಳ ಹಾಕಿ, ಟವೆಲ್ಲನ್ನು ಹುಡುಕತೊಡಗಿದ. ಸಾಹೇಬರ ವಸ್ತು ತನ್ನ ಕೈಯಲ್ಲಿ ಕೆಟ್ಟಿತು. ಇನ್ನೂ ಕೆಡುವ ಮೊದಲೇ ಸೋಮವಾರ ಒಯ್ದು ಒಪ್ಪಿಸಿ, ಕ್ಷಮೆ ಕೇಳಿ, ಪರೀಕ್ಷೆಯ ಪಟ್ಟಿಯಿಂದ ತನ್ನ ಹೆಸರನ್ನು ತೆಗೆಸಿಬಿಡುತ್ತೇನೆ ಎಂದ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಅಲ್ಲಿಂದಲೇ ದನಿಯೇರಿಸಿದಳು.

“ಹೆಸರು ತೆಗಸೂದು ಯಾಕ್ರಿ? ವರ್ಷಾನುಗಟ್ಲೆ ಸ್ಟೂಲಿನ ಮ್ಯಾಲ ಕುಂತು ಕುಂತು ಏಳೂದೇ ಮರತೀರೇನು?”

“ನಿನಗೇನ್ ತಿಳೀತದ? ನನ್ ಕೈಗುಣನೇ ಸರಿ ಇಲ್ಲ. ಮಷೀನಿಗೂ ಜಾತಕ ಗೊತ್ತಾಗ್ತದ.”

“ಕೈಗುಣ ಅಂತ! ನಿಮ್ ಕೈಯಾಗ ನಾ ಇಷ್ಟ್ ವರ್ಷ ಬಾಳೇವು ಮಾಡೀನಿ. ನಾ ಏನ್ ಕೆಟ್ಟೀನಿ?”

ಈ ಪ್ರಶ್ನೆಗೆ ಯಾವ ಉತ್ತರವೂ ಸುರಕ್ಷಿತವಲ್ಲವೆಂದು ಅಪ್ಪ ಮತ್ತೆ ಟವೆಲ್ಲನ್ನು ಹುಡುಕತೊಡಗಿದ. ನಾನು ಗೋಡೆಗೆ ಒರಗಿ ಕೂತಿದ್ದೆ. ನನಗೆ ತಿಳಿಯದು ಎಂದು ಹೇಳಿಬಿಟ್ಟರೆ ಕೆಳಗಿನ ಕಾಕೂ ತಮ್ಮ ಅಣ್ಣನ ಮಗನನ್ನು ಕೇಳಿಯಾರು, ಅಪ್ಪ ಬ್ಯಾಂಕಿನಲ್ಲಿ ಯಾರನ್ನಾದರೂ ಕೇಳಿಯಾನು. ಅದು ನನಗೆ ಸ್ಪಷ್ಟವಾಗಿಯೇ ಗೊತ್ತಿತ್ತು. ಹಾಗಿದ್ದೂ ಬಾಯಿ ತೆರೆಯಲಿಲ್ಲ. ಅಷ್ಟರಲ್ಲಿ ಅವ್ವ ಹಿಟ್ಟು ನಾದುವ ಕೊಣಮಿಗೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈಯನ್ನು ಸೆರಗಿಗೂ ಒರೆಸದೆ, ಮಣೆಯ ಮುಂದೆ ಬಂದು ಕೂತಳು.

“ನಂದಾ, ತೆಗೀ ಅದನ್ನ. ನೋಡೂಣು, ನನ್ ಕೈಗುಣ ಹ್ಯಾಂಗದ.”

ಜೋಳದ ಒಣಹಿಟ್ಟು ಮೆತ್ತಿದ ತೋರುಬೆರಳನ್ನು ಅವಳು ಚೌಕದ ಮೇಲಿಟ್ಟು ಎಳೆದಳು. ಬಾಣ ಪರದೆಯ ಈ ತುದಿಯಿಂದ ಆ ತುದಿಗೆ, ಎಣ್ಣೆಯ ಮೇಲೆ ಜಾರಿದಂತೆ, ನೇರವಾಗಿ ಹೋಯಿತು. ಮತ್ತೆ ಎಳೆದಳು. ಮತ್ತೆ ಹೋಯಿತು. ಅಪ್ಪ ತನ್ನ ಬೆರಳನ್ನಿಟ್ಟ. ಬಾಣ ಚಿಗಟದಂತೆ ಜಿಗಿಯಿತು. ಅವ್ವ ಗಂಡನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. ನಮ್ಮ ಮನೆಯಲ್ಲಿ ವಿದ್ಯೆಯ ವಸ್ತುವನ್ನು ಮುಟ್ಟುವ ಮೊದಲು ಕೈ ತೊಳೆಯಬೇಕು, ನೀರು ಹಚ್ಚಿ ವಿಭೂತಿ ಕಲೆಸಿ ಮೂರು ಬೆರಳಿಂದ ಹಣೆಗೆ ಎಳೆದುಕೊಳ್ಳಬೇಕು, ಆ ಪವಿತ್ರವಾದ ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳಬಾರದು. ಅಪ್ಪ ಬಾಲ್ಯದಲ್ಲಿ ಪಾಟಿಯನ್ನು ಮುಟ್ಟಿದ್ದೂ ಹೀಗೆಯೇ, ಈಗ ಲ್ಯಾಪ್‌ಟಾಪನ್ನು ಮುಟ್ಟುತ್ತಿದ್ದದ್ದೂ ಹೀಗೆಯೇ. ಅವನ ಮೂರೂ ಬೆರಳುಗಳು ವಿಭೂತಿಯ ನೀರಿನಲ್ಲಿ ಮಿಂದು, ಹಸಿಯಾಗಿಯೇ ಚೌಕದ ಮೇಲೆ ಕೂರುತ್ತಿದ್ದವು.

“ಕೈ ಹಸಿ ಅದರಿ ನಿಮ್ದು! ವೈರಸ್ ಅಂತ ವೈರಸ್!” ಅವ್ವ ಹಣೆ ಬಡಿದುಕೊಂಡಳು. ಹಣೆಯ ಮೇಲೆ ಹಿಟ್ಟಿನ ಐದು ಬೆರಳು ಮೂಡಿದವು.

ಅಪ್ಪ ಮೊದಲು ತನ್ನ ಬೆರಳನ್ನು ನೋಡಿದ, ಆಮೇಲೆ ಅವಳ ಹಣೆಯನ್ನು ನೋಡಿದ, ಆಮೇಲೆ ನಗತೊಡಗಿದ. ಅಪ್ಪ ನಕ್ಕರೆ ಸದ್ದು ಬರುತ್ತಿರಲಿಲ್ಲ. ಭುಜಗಳು ಮಾತ್ರ ಕುಣಿಯುತ್ತಿದ್ದವು. ಅಂದು ಸದ್ದೂ ಬಂದಿತು. ಕೆಳಗಿನಿಂದ ಕಾಕೂ “ಕಾಯ್ ಝಾಲಂ?” ಎಂದು ಕೂಗುವಷ್ಟು ಬಂದಿತು. ಏನಾಯಿತೆಂದು ಅವರಿಗೆ ಹೇಳಲು ಹೋದ ಅವ್ವನಿಗೂ ನಗು ಅಡ್ಡ ಬಂದು, ಇಬ್ಬರೂ ಈರುಳ್ಳಿ ಚೀಲದ ಮೇಲೆ ಕೂತು ಕಣ್ಣೊರೆಸಿಕೊಂಡರು. ಆ ದಿನ ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಕಲಾಯಿತು. ಯಾರೂ ಯಾರನ್ನೂ ಬೈಯಲಿಲ್ಲ.

ಅಂದಿನಿಂದ ಕ್ರಮಕ್ಕೆ ಒಂದು ವಿಧಿ ಸೇರಿತು. ಸ್ನಾನ, ವಿಭೂತಿ, ಅದಾದ ಮೇಲೆ ಒಂದು ಚಿಟಿಕೆ ಜೋಳದ ಹಿಟ್ಟನ್ನು ಬೆರಳಿಗೆ ಉಜ್ಜಿಕೊಳ್ಳುವುದು. ಒಣ ಬಟ್ಟೆಯಿಂದ ಒರೆಸಿಕೊಂಡರೂ ಸಾಕಾಗುತ್ತಿತ್ತೆಂದು ಈಗ ತಿಳಿದಿದೆ. ಆದರೆ ವಿಭೂತಿಯನ್ನು ಒರೆಸುವುದು ಅಪ್ಪನಿಗೆ ಒಪ್ಪಿಗೆಯಿರಲಿಲ್ಲ, ಅದರ ಮೇಲೆ ಹಿಟ್ಟು ಹಚ್ಚಬಾರದೆಂದು ಯಾವ ಹಿರಿಯರೂ ಹೇಳಿರಲಿಲ್ಲ. ಅಪ್ಪ ಮುಂದೆ ಬೇಗ ಬೇಗ ಕಲಿತ. ಹೇಳದೆ ಕೇಳದೆ ಹೋಗುವ ಕರೆಂಟಿನ ಭಯದಿಂದ ಪ್ರತಿ ಸಾಲಿನ ಕೊನೆಗೂ ಉಳಿಸುವ ಕೀಲಿಗಳನ್ನು ಒತ್ತುವುದು ಅವನಿಗೆ ಉಸಿರಿನಷ್ಟು ಸಹಜವಾಯಿತು. “ಸೇವ್” ಎಂದು ಬಾಯಲ್ಲಿಯೂ ಹೇಳುತ್ತಿದ್ದ. ಅವನು ಕೆಲಸಕ್ಕೆ ಹೋದ ಮೇಲೆ, ಕರೆಂಟು ಮರಳಿದ ಮಧ್ಯಾಹ್ನಗಳಲ್ಲಿ, ಅವ್ವ ಮತ್ತು ಕಾಕೂ ಯಂತ್ರವನ್ನು ವಶಪಡಿಸಿಕೊಳ್ಳುತ್ತಿದ್ದರು. ಚಿತ್ರ ಬಿಡಿಸುವ ಪುಟವನ್ನು ನಾನು ಒಮ್ಮೆ ತೆರೆದು ತೋರಿಸಿದ್ದೆ. ಅವ್ವ ಅಲ್ಲಿ ಒಂಬತ್ತು ಚುಕ್ಕೆಯ ರಂಗೋಲಿ ಹಾಕಿದಳು. ಒಂದು ಎಳೆ ತಪ್ಪಿದರೆ ಅಳಿಸದೆ, ಆ ತಪ್ಪನ್ನೇ ಬಳ್ಳಿಯಾಗಿಸಿದಳು. ಇಸ್ಪೀಟಿನ ಆಟ ಹೇಗೆ ಸಿಕ್ಕಿತೋ ತಿಳಿಯದು. ಇಸ್ಪೀಟು ಮನೆಹಾಳು ಎಂದು ಬೈಯುತ್ತಿದ್ದ ಅವ್ವನೇ, ಇದರಲ್ಲಿ ಎದುರಾಳಿ ಇಲ್ಲವಾದ್ದರಿಂದ ಇದು ಜೂಜಲ್ಲ ಎಂದು ತೀರ್ಪು ಕೊಟ್ಟು, ಗೆದ್ದಾಗ ಪರದೆಯ ತುಂಬ ಎಲೆಗಳು ಜಿಗಿದು ಬೀಳುವುದನ್ನು ನೋಡಲು ಕಾಕೂ ಅವರನ್ನು ಕೂಗಿ ಕರೆಯುತ್ತಿದ್ದಳು.

ಪರೀಕ್ಷೆಯ ದಿನ ಬೆಳಗಿನ ಮೊದಲ ಎಸ್.ಟಿ. ಬಸ್ಸಿಗೆ ಅಪ್ಪ ಮತ್ತು ನಾನು ಹೊರಟೆವು. ನಾನು ಏಕೆ ಹೋದೆನೆಂದರೆ, ಪಾಠ ಬರೆದಿಟ್ಟ ವಹಿಯನ್ನು ಬಸ್ಸಿನಲ್ಲಿ ಗಟ್ಟಿಯಾಗಿ ಓದಿಸಿಕೊಳ್ಳಬೇಕೆಂದು ಅಪ್ಪ ಹಟ ಹಿಡಿದಿದ್ದ. ಯೇವಲಾ ದಾಟುವವರೆಗೆ ಮೊದಲರ್ಧ, ವೈಜಾಪುರ ದಾಟುವವರೆಗೆ ಉಳಿದರ್ಧ. ಪಕ್ಕದ ಸೀಟಿನ ಅಜ್ಜಿ ಅದನ್ನು ಸ್ತೋತ್ರವೆಂದು ಬಗೆದು ಕೊನೆಯಲ್ಲಿ ಕೈ ಮುಗಿದರು. ಔರಂಗಾಬಾದಿನ ನಿಲ್ದಾಣದಲ್ಲಿ “ಕನ್ನಡ” ಎಂದು ಫಲಕ ಹೊತ್ತ ಬಸ್ಸೊಂದು ನಿಂತಿತ್ತು. ಅದು ಅಲ್ಲಿಗೆ ಹತ್ತಿರದ ತಾಲ್ಲೂಕು ಪಟ್ಟಣದ ಹೆಸರೆಂದು ನಾನು ವಿವರಿಸಿದರೂ ಅಪ್ಪ ಒಂದು ಗಳಿಗೆ ನಿಂತು ಅದನ್ನು ಕಣ್ತುಂಬ ನೋಡಿ, ಶುಭಶಕುನ ಎಂದ.

ಪ್ರಾದೇಶಿಕ ಕಚೇರಿಯ ಎರಡನೆಯ ಮಹಡಿಯಲ್ಲಿ ಪರೀಕ್ಷೆ. ಅಪ್ಪನೂ ಸೇರಿ ಹನ್ನೊಂದು ಮಂದಿ, ಎಲ್ಲರೂ ಇಸ್ತ್ರಿ ಮಾಡಿದ ಖಾಕಿಯಲ್ಲಿ. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಬೆಂಚಿನ ಎದುರಿಗೆ ಗಾಜಿನ ಕಿಟಕಿ. ಅದರೊಳಗೆ ಕಣ್ಣು ಹಾಯಿಸಿದೆ. ಮೇಜಿನ ಮೇಲಿದ್ದದ್ದು ಒಂದೂ ಲ್ಯಾಪ್‌ಟಾಪ್ ಅಲ್ಲ. ಎಲ್ಲವೂ ದೊಡ್ಡ ಕಂಪ್ಯೂಟರುಗಳು. ಪ್ರತಿಯೊಂದರ ಪಕ್ಕದಲ್ಲಿಯೂ ಬಾಲವಿರುವ ಒಂದು ಮೌಸ್. ಚೌಕ ಎಂಬುದೇ ಇರಲಿಲ್ಲ. ಒಂದು ತಿಂಗಳು ಬೆರಳಿಗೆ ಹಿಟ್ಟು ಹಚ್ಚಿ ಕಲಿತದ್ದಕ್ಕೆ ಆ ಕೋಣೆಯಲ್ಲಿ ಜಾಗವೇ ಇರಲಿಲ್ಲ. ಮೌಸಿನ ಚಿತ್ರವನ್ನು ನಾನು ಅಂದವಾಗಿ ಬರೆದಿದ್ದೆ, ಅದರ ಎರಡು ಗುಂಡಿಗಳಿಗೆ ಬೇರೆ ಬೇರೆ ಬಣ್ಣ ತುಂಬಿದ್ದೆ. ಅದನ್ನು ಹಿಡಿಯುವುದು ಹೇಗೆಂದು ಅಪ್ಪನಿಗೆ ಒಂದು ಮಾತೂ ಹೇಳಿರಲಿಲ್ಲ, ಹೇಳಲು ನನಗೂ ತಿಳಿದಿರಲಿಲ್ಲ. ಪರೀಕ್ಷೆಯಲ್ಲಿ ಎಂಥ ಯಂತ್ರವಿರುತ್ತದೆ ಎಂದು ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ ಎಂದಾದರೂ ಹೇಳಬಹುದಿತ್ತು. ತಿಳಿದವಳು ಹಾಗೆಲ್ಲ ವಿಚಾರಿಸಲು ಹೇಳುವುದಿಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆಯ ಬೆಲೆ ಈಗ ಅಪ್ಪ ತೆರಬೇಕಾಗಿತ್ತು.

ಕಿಟಕಿಯಾಚೆ ಅಪ್ಪ ಕೂತ. ಮೌಸನ್ನು ನೋಡಿದ. ಅದರ ಮೇಲೆ ಒಂದು ಬೆರಳಿಟ್ಟು ಎಳೆದ. ಬಾಣ ಅಲುಗಲಿಲ್ಲ. ಇನ್ನೊಮ್ಮೆ ಎಳೆದ. ಪಕ್ಕದವರು ಆಗಲೇ ಟೈಪ್ ಮಾಡತೊಡಗಿದ್ದರು. ನಾನು ಬೆಂಚಿನ ತುದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅಪ್ಪ ತಲೆಯೆತ್ತಿ ಸುತ್ತ ನೋಡಿ, ಶಾಲೆಯ ಹುಡುಗನಂತೆ ಬಲಗೈ ಎತ್ತಿದ. ಕನ್ನಡಕದ ಪರೀಕ್ಷಕಿ ಅವನ ಬಳಿಗೆ ಬಂದರು. ಅಪ್ಪ ಏನನ್ನೋ ಹೇಳಿದ. ಅವರು ಬಾಗಿ, ಏನನ್ನೋ ತೋರಿಸಿ, ಹೋದರು. ಆಮೇಲೆ ಅಪ್ಪನ ಬೆನ್ನು ಅಡ್ಡ ಬಂದು ನನಗೆ ಏನೂ ಕಾಣಿಸಲಿಲ್ಲ. ಪ್ರತಿ ಸಾಲಿನ ಕೊನೆಗೆ ಅವನ ತಲೆ ಮಾತ್ರ ಸಣ್ಣಗೆ ಬಾಗುತ್ತಿತ್ತು. ಸೇವ್ ಎನ್ನುತ್ತಿದ್ದನೆಂದು ಊಹಿಸಿದೆ.

ಎಲ್ಲರಿಗಿಂತ ಕೊನೆಗೆ ಬಂದ. ಮುಖದಲ್ಲಿ ಬೆವರು, ಕೈಯಲ್ಲಿ ಸಹಿ ಬಿದ್ದ ಒಂದು ಚೀಟಿ.

“ಪಾಸ್ ಅಂತ ನಂದಾ. ಒಂದು ತಪ್ಪು ಹೋಗ್ಯಾದಂತ, ಆದ್ರೂ ಪಾಸ್.”

ನನಗೆ ಅಳು ಬಂದಿತು. ಕಣ್ಣೊರೆಸಿಕೊಂಡು ಕೇಳಿದೆ.

“ಮೌಸ್ ಹ್ಯಾಂಗ ನಡಸಿದ್ರಿ ಅಪ್ಪಾ?”

“ಕೇಳಿದೆ. ಮೇಡಂ, ಯೇ ಕೈಸಾ ಪಕಡ್ನಾ ಅಂತ ಕೇಳಿದೆ. ಮುಷ್ಟ್ಯಾಗ ಹಿಡಕೊಂಡು ಇಡೀದೇ ಸರಸಬೇಕಂತ. ತೋರಿಸಿದ್ರು.”

“ಅಷ್ಟ್ ಜನರ ಮುಂದ? ನಾಚಿಕಿ ಆಗ್ಲಿಲ್ಲೇನ್ರಿ?”

ಅಪ್ಪನಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

“ಇಷ್ಟು ವರ್ಷ ಚಾ ತಂದು ಕೊಟ್ಟೀನಿ ನಂದಾ. ಸಕ್ಕರಿ ಎಷ್ಟು ಹಾಕ್ಲಿ ಅಂತ ಕೇಳಲಾರದ ಒಬ್ಬರಿಗೂ ಕೊಟ್ಟಿಲ್ಲ. ಕೇಳೂದ್ರಾಗ ಏನ್ ನಾಚಿಕಿ?”

ಅಷ್ಟರಲ್ಲಿ ಪರೀಕ್ಷಕಿ ಬಾಗಿಲಿಗೆ ಬಂದರು. ಕೋಣೆ ಖಾಲಿಯಾಗಿತ್ತು. ಅಪ್ಪ ನನ್ನ ಭುಜ ಹಿಡಿದು ಮುಂದೆ ನಿಲ್ಲಿಸಿ, ತನ್ನ ಹಿಂದಿಯಲ್ಲಿ, ಈಕೆ ನನ್ನ ಮಗಳು, ನನಗೆ ಎಲ್ಲವನ್ನೂ ಕಲಿಸಿದವಳು ಇವಳೇ ಎಂದ. ಅವನ ದನಿಯಲ್ಲಿದ್ದ ಹೆಮ್ಮೆಗೆ ನಾನು ನೆಲ ನೋಡಿದೆ. ಪರೀಕ್ಷಕಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಮರಾಠಿಯಲ್ಲಿ ಕೇಳಿದರು.

“ಹೋ? ಮಗ ತುಲಾ ಮೌಸ್ ಚಾಂಗಲಾ ಚಾಲವತಾ ಯೇತ್ ಅಸೇಲ್?”

ಹಾಗಾದರೆ ನಿನಗೆ ಮೌಸ್ ಚೆನ್ನಾಗಿ ನಡೆಸಲು ಬರುತ್ತಿರಬೇಕಲ್ಲ ಎಂದು. “ಬರುತ್ತದೆ” ಎಂಬ ಉತ್ತರ ಎಂದಿನಂತೆ ನಾಲಿಗೆಯ ತುದಿಗೆ ಬಂದು ನಿಂತಿತು. ಅಪ್ಪ ನನ್ನನ್ನೇ ನೋಡುತ್ತಿದ್ದ.

“ನಾಹೀ ಮ್ಯಾಡಮ್” ಎಂದೆ. ಆಮೇಲೆ ಅಪ್ಪನ ಕಡೆಗೆ ತಿರುಗಿ, ಅವನಿಗೂ ಸ್ಪಷ್ಟವಾಗಿ ಕೇಳಿಸಲೆಂದು, ಕನ್ನಡದಲ್ಲಿ ಮತ್ತೊಮ್ಮೆ ಹೇಳಿದೆ. “ನನಗ ಬರಂಗಿಲ್ರಿ ಅಪ್ಪಾ. ಇದನ್ನ ನಾ ಎಂದೂ ಮುಟ್ಟಿಲ್ಲ. ಆ ಲ್ಯಾಪ್‌ಟಾಪೂ ಮೊದಲ ಮುಟ್ಟಿದ್ದಿಲ್ಲ.”

ಅಪ್ಪನ ಹುಬ್ಬುಗಳು ಮೇಲೇರಿದವು. ನಂತರ ಸದ್ದಿಲ್ಲದೆ ಅವನ ಭುಜಗಳು ಕುಣಿಯತೊಡಗಿದವು.

“ಹಂಗಂದ್ರ ಇಬ್ಬರೂ ಕೂಡೇ ಕಲ್ತೀವಿ ಅನ್ನು!” ಎಂದವನೇ ಪರೀಕ್ಷಕಿಯ ಕಡೆಗೆ ತಿರುಗಿದ. “ಮೇಡಂ, ಇಸ್ಕೋ ಭೀ ಜರಾ ದಿಖಾ ದೋ.”

ಇವಳಿಗೂ ಒಮ್ಮೆ ತೋರಿಸಿ ಎಂದದ್ದಕ್ಕೆ ಅವರು ನಕ್ಕು ನನ್ನನ್ನು ಒಳಗೆ ಕರೆದರು. ಅಪ್ಪ ಕೂತೆದ್ದ ಕುರ್ಚಿ ಇನ್ನೂ ಬೆಚ್ಚಗಿತ್ತು. ಮೌಸಿನ ಮೇಲೆ ಅಂಗೈಯಿಟ್ಟೆ. ನನ್ನ ಕೈಯ ಮೇಲೆ ಅವರ ಕೈ ಬಂದಿತು. ಬೆನ್ನ ಹಿಂದೆ ಅಪ್ಪ ಉಸಿರು ಬಿಗಿಹಿಡಿದು ನಿಂತಿದ್ದ. ಪರದೆಯ ನಡುವಿದ್ದ ಬಾಣ ಮೊದಲು ನಡುಗಿತು, ಆಮೇಲೆ ಹೊರಟಿತು.

“ಹಗೂರ, ಹಗೂರ” ಎಂದ ಅಪ್ಪ, “ನನಗೂ ಮೊದಲ ಹಂಗೇ ಆಗಿತ್ತು.”